ನೇರ ವಿಮಾನ

ದುಬೈಯಿಂದ ಮಂಗಳೂರಿಗೆ ನಾಲ್ಕು ತಾಸು ಕೂಡ ಬೇಡ ಎಂದು ನಿರೀಕ್ಷಾ ಕುದ್ರೋಳಿಯ ಮನೆಯವರಿಗೆಲ್ಲ ಹೇಳಿ ಹೇಳಿ ನಂಬಿಸಿದ್ದಳು. ಬೆಂಗಳೂರು ಬಸ್ಸು ಹತ್ತಿದವನು ಘಾಟಿ ದಾಟುವಷ್ಟರಲ್ಲಿ ದುಬೈಯವನು ಮನೆಯಲ್ಲಿ ಊಟಕ್ಕೆ ಕೂತಿರುತ್ತಾನೆ ಎಂಬುದು ಅವಳ ಲೆಕ್ಕ. ಆ ಲೆಕ್ಕವನ್ನೇ ನೆಚ್ಚಿಕೊಂಡು ಅವಳು ದುಬೈಯಲ್ಲಿದ್ದ ಅಣ್ಣ ರೂಪೇಶನಿಗೆ ಫೋನಿನಲ್ಲಿ ಬುದ್ಧಿ ಹೇಳಿದ್ದು.

"ಕಣ್ಣೂರಿಗೆ ಬೆಳಿಗ್ಗೆಯೇ ಒಂದು ಸೀಟ್ ಉಂಟು. ಅಲ್ಲಿ ಇಳಿದು ಕಾರಲ್ಲಿ ಬರ್ತೇನೆ," ಎಂದಿದ್ದ ರೂಪೇಶ್.

"ಆ ರಸ್ತೆಯಲ್ಲಿ ಎಂತಕ್ಕೆ ಸಾಯುದು ಅಣ್ಣ? ಪಂಪ್‌ವೆಲ್ ಸರ್ಕಲಿನ ಟ್ರಾಫಿಕ್ ಬ್ಲಾಕಿನಲ್ಲೇ ಅರ್ಧ ದಿನ ಹೋಗ್ತದೆ. ಮಧ್ಯಾಹ್ನದ್ದು ಮಂಗಳೂರಿಗೇ ಡೈರೆಕ್ಟ್. ಅದರಲ್ಲೇ ಬಾ."

ಅತ್ತಾವರದ ಆಸ್ಪತ್ರೆಯಲ್ಲಿ ಅಪ್ಪ ಜಯ ಏದುಸಿರು ಬಿಡುತ್ತಿದ್ದರು. ಡಾಕ್ಟರು ಕೈಚೆಲ್ಲಿದ್ದರು. ಹೋಗುವ ಜೀವದ ಬಾಯಿಗೆ ಮಕ್ಕಳು ತುಳಸಿ ನೀರು ಬಿಡಬೇಕು. ಮೊದಲ ಹನಿ ಮಗನ ಕೈಯದ್ದೇ ಆಗಬೇಕೆಂದು ಅಮ್ಮ ದೇಯಿ ಲೋಟ ಹಿಡಿದು ಮಂಚದ ಪಕ್ಕ ಕೂತುಬಿಟ್ಟಿದ್ದರು. ಅಪ್ಪ ಆಗಾಗ ನಾಲಿಗೆ ಹೊರಳಿಸಿ ತುಟಿ ಒದ್ದೆ ಮಾಡಲು ನೋಡುತ್ತಿದ್ದರು.

"ಹತ್ತಿಯಲ್ಲಿ ಅದ್ದಿ ಸ್ವಲ್ಪ ಮುಟ್ಟಿಸಿ ಅಮ್ಮ, ಬಾಯಿ ಒಣಗಿದೆ," ಎಂದಳು ನರ್ಸ್ ಲವಿನಾ.

"ನೀರು ಬಿದ್ದ ಕೂಡಲೇ ಜೀವ ಹೋಗ್ತದೆ ಮಗಾ. ಅವ ಬರ್ಲಿ," ಎಂದರು ದೇಯಿ.

ನಿರೀಕ್ಷಾ ಅಪ್ಪನ ಒಣಗಿದ ತುಟಿ ನೋಡಿದಳು. ಆದರೂ ಅವಳು ಅಮ್ಮನ ಪರವೇ ನಿಂತಳು. ವಿಮಾನದ ಜಾಡು ತೋರಿಸುವ ಫೋನಿನ ನಕ್ಷೆಯಲ್ಲಿ ಹಳದಿ ಬಣ್ಣದ ಪುಟ್ಟ ವಿಮಾನ ಸಮುದ್ರ ದಾಟಿ ಬರುತ್ತಿತ್ತಲ್ಲ. "ಕರಾವಳಿಗೆ ಬಂತು ಅಮ್ಮ. ಇನ್ನು ಇಳಿಯುವುದೊಂದೇ," ಎಂದಳು.

ಇಳಿಯಲಿಲ್ಲ. ಗುಡ್ಡದ ಮೇಲಿನ ರನ್‌ವೇಯನ್ನು ಮಳೆ ಮುಚ್ಚಿಹಾಕಿತ್ತು. ವಿಮಾನ ಊರಿನ ಮೇಲೆ ಸುತ್ತು ಹಾಕಿತು, ಮತ್ತೊಮ್ಮೆ ಹಾಕಿತು. ಮೋಡದಾಚೆಯಿಂದ ಅದರ ಸದ್ದು ವಾರ್ಡಿನೊಳಗೂ ಕೇಳಿಸಿದಂತಾಗಿ ದೇಯಿ ತಲೆಯೆತ್ತಿದರು. "ಕೇಳ್ತದಾ? ಮಗ ಬಂದ," ಎಂದು ಗಂಡನ ಕಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ಹಳದಿ ವಿಮಾನ ಮೂತಿ ತಿರುಗಿಸಿ ಕೊಚ್ಚಿಯ ದಾರಿ ಹಿಡಿದಿತ್ತು. ನಿರೀಕ್ಷಾ ಫೋನನ್ನು ಮಡಿಲಲ್ಲಿ ಕವುಚಿ ಹಾಕಿದಳು. ಅವಳು ಬಾಯಿ ತೆರೆಯುವ ಮೊದಲೇ ಅಪ್ಪನ ಎದೆ ಏರಿಳಿಯುವುದು ನಿಂತುಹೋಯಿತು.

ಲವಿನಾ ಬಂದು ನಾಡಿ ಹಿಡಿದು ನೋಡಿ, ಕಣ್ಣು ಮುಚ್ಚಿಸಿ ಹೋದಳು. ಕಣ್ಣೂರಿನ ವಿಮಾನ ಬೆಳಿಗ್ಗೆ ಸಮಯಕ್ಕೆ ಸರಿಯಾಗಿ ಇಳಿದಿತ್ತು ಎಂಬುದು ನಿರೀಕ್ಷಾಳಿಗೆ ಗೊತ್ತಿತ್ತು. ಅದರಲ್ಲಿ ಬಂದಿದ್ದರೆ ಅಣ್ಣ ಈಗ ಇಲ್ಲಿರುತ್ತಿದ್ದ. ಅವಳಿಗೆ ತನ್ನ ನಾಲಿಗೆಯನ್ನೇ ಕಿತ್ತು ಎಸೆಯಬೇಕೆನಿಸಿತು.

ಕೊಚ್ಚಿಯಲ್ಲಿ ಇಳಿದ ರೂಪೇಶ್ ಫೋನ್ ಮಾಡಿದ. ಅವಳು ವಿಷಯ ಹೇಳಿದಳು.

"ನೀರು ಬಿಟ್ಟಿದ್ದೀರಲ್ಲ?" ಎಂದು ಕೇಳಿದ ಅವನು. "ನಾನಿಲ್ಲದಿದ್ರೂ ನೀನಾದ್ರೂ ಬಿಟ್ಟಿಯಲ್ಲ?"

"ಬಿಟ್ಟೆ ಅಣ್ಣ. ಕುಡಿದ್ರು," ಎಂದಳು ನಿರೀಕ್ಷಾ.

ತುಂಬಿದ ಲೋಟ ಇನ್ನೂ ಅಮ್ಮನ ಕೈಯಲ್ಲೇ ಇತ್ತು.