ತಾಲೀಮಿನಲ್ಲಿ ಹೇಳದ ಮಾತು

ಸೆಡ್ರಿಕ್ ಪಾಲ್‌ಫ್ರಿ ಅವರ ಮುಖ ಇಡೀ ಇಂಗ್ಲೆಂಡಿಗೆ ಗೊತ್ತಿತ್ತು, ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ರಸ್ತೆಯಲ್ಲಿ ಜನ ತಡೆದು ನಿಲ್ಲಿಸಿ, "ನೀವು ನಮ್ಮ ಬ್ಯಾಂಕಲ್ಲಿದ್ದೋರಲ್ವಾ?" ಎಂದು ಕೇಳುತ್ತಿದ್ದರು. ಇವರೂ ನಾಚಿಕೆಯಿಲ್ಲದೆ, "ಹೌದು ಹೌದು, ನಿಮ್ಮ ತಾಯಿ ಹೇಗಿದಾರೆ?" ಎನ್ನುತ್ತಿದ್ದರು. ಹಾಗೆ ಸುಳ್ಳು ಹೇಳಿದರೆ ಎರಡು ನಿಮಿಷ ಯಾರಾದರೂ ಜೊತೆಗೆ ನಿಂತು ಮಾತಾಡುತ್ತಾರಲ್ಲ, ಅದಕ್ಕೆ.

ನಲವತ್ತಮೂರು ವರ್ಷ ನಾಟಕ, ಸಿನಿಮಾ ಎಂದು ದುಡಿದ ಮನುಷ್ಯ. ಹನ್ನೊಂದು ಬಟ್ಲರ್, ಏಳು ಪಾದ್ರಿ, ಪೊಲೀಸ್ ಇನ್‌ಸ್ಪೆಕ್ಟರುಗಳು ಎಷ್ಟೋ ಅವರಿಗೇ ನೆನಪಿರಲಿಲ್ಲ. ಸಿನಿಮಾದಲ್ಲಿ ಇವರು ಬಾಗಿಲು ತೆಗೆಯುತ್ತಿದ್ದರು, ನಾಯಕ ಒಳಗೆ ಬರುತ್ತಿದ್ದ, ಕ್ಯಾಮೆರಾ ಅವನ ಹಿಂದೆ ಹೋಗುತ್ತಿತ್ತು. ಕೊಲೆಯ ನಾಟಕಗಳಲ್ಲಿ ಮಧ್ಯಂತರಕ್ಕೆ ಮುಂಚೆಯೇ ಸತ್ತು, ಬಣ್ಣ ಒರೆಸಿಕೊಂಡು, ಉಳಿದವರಿನ್ನೂ ಆಡುತ್ತಿರುವಾಗಲೇ ಬಸ್ಸು ಹಿಡಿಯುತ್ತಿದ್ದರು. ಪರದೆ ಬೀಳುವಾಗ ವೇದಿಕೆಯ ಮೇಲಿದ್ದು ಕೊನೆಯ ಮಾತು ಆಡುವ ಭಾಗ್ಯ ಅವರಿಗೆ ಒಂದು ಸಲವೂ ಬಂದಿರಲಿಲ್ಲ.

ಅದು ಬಂದದ್ದು ಎಪ್ಪತ್ತೊಂದರ ವಯಸ್ಸಿನಲ್ಲಿ, ಮೋರ್‌ಕಂಬ್ ಊರಿನ ಸಮುದ್ರದಂಡೆಯ ನಮ್ಮ ಹಳೇ ಥಿಯೇಟರಿನಲ್ಲಿ. ನಾನು ಅಲ್ಲಿ ಹತ್ತೊಂಬತ್ತು ವರ್ಷದಿಂದ ಪ್ರಾಂಪ್ಟರ್. ವೇದಿಕೆಯ ಎಡಮೂಲೆಯಲ್ಲಿ ನನ್ನ ಸ್ಟೂಲು, ಮುಂದೆ ನಾಟಕದ ಪುಸ್ತಕ, ಒಂದು ಸಣ್ಣ ದೀಪ, ಪಕ್ಕದಲ್ಲಿ ಗುಂಡಿಗಳ ಹಲಗೆ. ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವುದು ನನ್ನ ಕೆಲಸ. ಪರದೆ ಬೀಳಿಸುವುದೂ ನನ್ನ ಕೈಯಲ್ಲೇ. ನಾನು ಹಸಿರು ಗುಂಡಿ ಒತ್ತಿದರೆ ಎದುರು ಬದಿಯಲ್ಲಿ ದೀಪ ಹತ್ತುತ್ತದೆ, ಹಗ್ಗ ಹಿಡಿದು ನಿಂತ ವಿಲ್ಫ್ ಪರದೆ ಬಿಡುತ್ತಾನೆ. ವಿಲ್ಫ್‌ಗೆ ಕಿವಿ ಮಂದ, ಆದ್ದರಿಂದ ಒಮ್ಮೆ ಒತ್ತಿದ ಮೇಲೆ ಬೇಡ ಎನ್ನಲು ಆಗುವುದಿಲ್ಲ.

ನಾಟಕ ಒಬ್ಬ ಡಾಕ್ಟರರ ಮನೆಯದು. ಎರಡೂವರೆ ಗಂಟೆ ಎಲ್ಲರೂ ಜಗಳವಾಡಿ, ಅತ್ತು, ಒಬ್ಬೊಬ್ಬರಾಗಿ ಮನೆ ಬಿಟ್ಟು ಹೊರಡುತ್ತಾರೆ. ಉಳಿಯುವವನು ಮುದಿ ತೋಟಗಾರ ಒಬ್ಬನೇ. ಅವನು ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿ, ಇಲ್ಲಿಯವರೆಗೆ ಯಾರೂ ಅವನನ್ನು ಕೂರಿಸದ ಕುರ್ಚಿಯಲ್ಲಿ ಕೂತು, "ಎಲ್ಲರೂ ಹೋದರು. ಸರಿ, ನಾನಿದ್ದೇನಲ್ಲ" ಎನ್ನುತ್ತಾನೆ. ಅಷ್ಟೇ, ಪರದೆ.

ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ನಾಟಕದ ಕಟ್ಟಕಡೆಯ ಮಾತನ್ನು ತಾಲೀಮಿನಲ್ಲಿ ಯಾರೂ ಆಡುವುದಿಲ್ಲ. ಖಾಲಿ ಕುರ್ಚಿಗಳಿಗೆ ಅದನ್ನು ಕೇಳಿಸಿದರೆ ನಾಟಕ ನೆಲ ಕಚ್ಚುತ್ತದೆ ಎಂಬ ನಂಬಿಕೆ. ಆ ಜಾಗದಲ್ಲಿ ಏನಾದರೂ ಬಾಯಿಗೆ ಬಂದದ್ದನ್ನು ಹೇಳಿ ಮುಗಿಸುತ್ತಾರೆ. ಸೆಡ್ರಿಕ್ ದಿನಕ್ಕೊಂದು ತರಕಾರಿ ಹೇಳುತ್ತಿದ್ದರು. ಟೋಪಿ ಸಿಕ್ಕಿಸಿ, ಕೂತು, ಗಂಭೀರವಾಗಿ "ಎರಡು ಪೌಂಡ್ ಆಲೂಗಡ್ಡೆ" ಎನ್ನುತ್ತಿದ್ದರು. ನಾನು ಗುಂಡಿ ಒತ್ತುತ್ತಿದ್ದೆ.

ನಿರ್ದೇಶಕ ರೂಪರ್ಟ್‌ಗೆ ಇದು ಸರಿಬರಲಿಲ್ಲ. ಗಲ್ಲದವರೆಗೆ ಸ್ವೆಟರ್ ಏರಿಸಿಕೊಂಡು ಲಂಡನ್ನಿನಿಂದ ಬಂದಿದ್ದ ಇಪ್ಪತ್ತಾರರ ಪೋರ ಅವನು.

"ಇದೆಲ್ಲ ಅಜ್ಜಿ ಕಾಲದ ಮೂಢನಂಬಿಕೆ, ಸೆಡ್ರಿಕ್ ಡಾರ್ಲಿಂಗ್. ಒಂದ್ಸಲ ಹೇಳ್ಬಿಡಿ. ಎಷ್ಟು ಹೊತ್ತು ತಗೊಳ್ತೀರ ಅಂತಾದ್ರೂ ಗೊತ್ತಾಗ್ಲಿ."

"ಅಜ್ಜಿ ಕಾಲ ಅಂದ್ಯಲ್ಲ, ಮರಿ, ಆ ಅಜ್ಜಿ ಜೊತೆ ಪಾರ್ಟ್ ಮಾಡಿದೋನು ನಾನು," ಎಂದರು ಸೆಡ್ರಿಕ್. "ಬಾಯಿಬಿಟ್ಟು ಹೇಳಿದ್ರೆ ಗುರುವಾರಕ್ಕೇ ನಿನ್ನ ನಾಟಕ ಮುಚ್ಕೊಳತ್ತೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ರೂಪರ್ಟ್ ಹೇಳಿದ್ದರಲ್ಲಿ ನ್ಯಾಯವಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮೂರನೇ ವಾರ ತಾಲೀಮಿನ ನಡುವೆ ಸೆಡ್ರಿಕ್ ಎರಡು ಸಲ ನಿಂತುಬಿಟ್ಟರು. ನಾನು ಮಾತು ಎತ್ತಿಕೊಟ್ಟೆ, ಯಾರ ಗಮನಕ್ಕೂ ಬರಲಿಲ್ಲ. ಮಾರನೇ ದಿನ ತೋಟಗಾರನ ಬುಟ್ಟಿ ಒರೆಸಲು ಹೋದರೆ, ಒಳಗೆಲ್ಲ ಸೆಡ್ರಿಕ್ ತಮ್ಮ ಮಾತುಗಳ ಚೀಟಿಗಳನ್ನು ಅಂಟಿಸಿಕೊಂಡಿದ್ದರು. ಅವತ್ತು ಸಂಜೆ ದಂಡೆಯ ಬೆಂಚಿನಲ್ಲಿ ಕೂತು ಇಬ್ಬರೂ ಮೀನು, ಆಲೂಗಡ್ಡೆ ಕರಿದದ್ದನ್ನು ಕಾಗದದ ಪೊಟ್ಟಣದಿಂದ ತಿನ್ನುತ್ತಿದ್ದಾಗ ಅವರೇ ಬಾಯಿಬಿಟ್ಟರು. ಹಾಗೆ ಜೊತೆಗೆ ಕೂತು ತಿನ್ನುವುದು ಆ ತಿಂಗಳು ನಮಗೆ ಅಭ್ಯಾಸವಾಗಿತ್ತು. ಅವರಿಗೂ ಹೋಗಿ ಸೇರಲು ಮನೆಯಲ್ಲಿ ಯಾರೂ ಇರಲಿಲ್ಲ, ನನಗೂ ಇರಲಿಲ್ಲ.

"ಬುಟ್ಟಿ ನೋಡ್ದೆ ಅಲ್ವಾ, ಹಿಲ್ಡಾ?"

"ನೋಡ್ದೆ."

"ರೂಪರ್ಟ್‌ಗೆ ಹೇಳ್ಬೇಡ. ಹೇಳಿದ್ರೆ ನಾಳೇನೇ ಬೇರೆಯೋರನ್ನ ಕರೆಸ್ತಾನೆ. ತಪ್ಪೂ ಅಲ್ಲ ಅದು. ಆದ್ರೆ ನಂಗೆ ಆ ಒಂದು ಮಾತು ಬೇಕು. ಒಂದೇ ಒಂದು ಸಲ, ಜನದ ಮುಂದೆ ಹೇಳ್ಬೇಕು, ನಾನು ಹೇಳಿದ್ಮೇಲೆ ಪರದೆ ಬೀಳ್ಬೇಕು. ಆಮೇಲೆ ಬುದ್ಧಿ ಪೂರ್ತಿ ಹೋದ್ರೂ ಹೋಗ್ಲಿ."

"ನಾನಿರೋವರೆಗೂ ನಿಮ್ಮನ್ನ ವೇದಿಕೆ ಮೇಲೆ ನಗೆಪಾಟಲಾಗೋಕೆ ಬಿಡಲ್ಲ," ಎಂದೆ ನಾನು. ಆಣೆ ಮಾಡಿದಷ್ಟು ಗಟ್ಟಿಯಾಗಿ ಹೇಳಿದ್ದೆ.

ಮೊದಲ ಪ್ರದರ್ಶನದ ದಿನ ಮ್ಯಾಂಚೆಸ್ಟರಿನಿಂದ ಪತ್ರಿಕೆಯ ವಿಮರ್ಶಕ ಬಂದು ಮೂರನೇ ಸಾಲಿನಲ್ಲಿ ಕೂತಿದ್ದ. ಸೆಡ್ರಿಕ್ ಒಂದು ಮಾತೂ ತಪ್ಪಲಿಲ್ಲ. ನನಗೇ ಭಯವಾಗುವಷ್ಟು ಚೆನ್ನಾಗಿ ಮಾಡಿದರು. ಕೊನೆಗೆ ಎಲ್ಲರೂ ಹೊರಟರು, ಬಾಗಿಲು ಮುಚ್ಚಿತು. ಅವರು ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿದರು. ಕುರ್ಚಿಯಲ್ಲಿ ಕೂತರು. ಜನರ ಕಡೆ ನೋಡಿದರು.

ಮಾತು ಬರಲಿಲ್ಲ.

ನಾನು ಮನಸ್ಸಿನಲ್ಲೇ ಎಣಿಸಿದೆ. ಐದು, ಆರು, ಏಳು. ತಾಲೀಮಿನಲ್ಲಿ ಆಲೂಗಡ್ಡೆಗೆ ಎರಡು ಎಣಿಸುವಷ್ಟೂ ಹೊತ್ತು ತೆಗೆದುಕೊಂಡಿರಲಿಲ್ಲ. ಒಂಬತ್ತು, ಹತ್ತು. ಎಂಟುನೂರು ಜನ ಕೂತ ಸಭಾಂಗಣದಲ್ಲಿ ಒಂದು ಕೆಮ್ಮೂ ಇಲ್ಲ. ನಾನು ಪಿಸುಗುಟ್ಟಿದರೂ ಮೂರನೇ ಸಾಲಿಗೆ ಕೇಳಿಸುತ್ತದೆ, ವಿಮರ್ಶಕ ಬರೆದುಕೊಳ್ಳುತ್ತಾನೆ, ಇಡೀ ದೇಶ ಓದುತ್ತದೆ. ಅಷ್ಟರಲ್ಲಿ ಸೆಡ್ರಿಕ್ ಅವರ ಕಣ್ಣು ಮೆಲ್ಲನೆ ನನ್ನ ಮೂಲೆಯ ಕಡೆ ತಿರುಗಿತು. ಕೇಳುತ್ತಿದ್ದಾರೆ, ಕಾಪಾಡು ಎನ್ನುತ್ತಿದ್ದಾರೆ ಎಂದುಕೊಂಡೆ. ಹಸಿರು ಗುಂಡಿ ಒತ್ತಿದೆ.

ಪರದೆ ಅರ್ಧ ಇಳಿಯುವಾಗ ಅವರ ಬಾಯಿ ತೆರೆದದ್ದು ನನಗೆ ಕಾಣಿಸಿತು. ಆಮೇಲೆ ಚಪ್ಪಾಳೆ, ಅಂಥ ಚಪ್ಪಾಳೆ ಆ ಕಟ್ಟಡದಲ್ಲಿ ಯುದ್ಧ ಮುಗಿದ ವರ್ಷದಿಂದ ಬಿದ್ದಿರಲಿಲ್ಲವಂತೆ. ನಾನು ಓಡಿ ಅವರ ಬಣ್ಣದ ಕೋಣೆಗೆ ಹೋದಾಗ ಅವರು ತೋಟಗಾರನ ಕೋಟಿನಲ್ಲೇ ಕೂತಿದ್ದರು.

"ಯಾಕೆ ಹಿಲ್ಡಾ?"

"ಮರ್ತ್ರಿ ಅಂದ್ಕೊಂಡೆ."

"ಮರ್ತಿರ್ಲಿಲ್ಲ ಕಣೆ. ನಾಲಿಗೆ ತುದೀಲೇ ಇತ್ತು. ಅವರೆಲ್ಲ ಉಸಿರು ಹಿಡ್ಕೊಂಡು ಕಾಯ್ತಿದ್ರು. ನನಗೋಸ್ಕರ. ಬಾಗಿಲು ತೆಗೆಯೋನಿಗೋಸ್ಕರ ಯಾರು ಕಾಯ್ತಾರೆ ಹೇಳು? ಇನ್ನೊಂದು ಚೂರು ಕಾಯಿಸೋಣ ಅನ್ನಿಸ್ತು. ಮನೆಯೋರು ಹೋದ ಬಾಗಿಲು ಒಂದ್ಸಲ ನೋಡಿ ಹೇಳೋಣ ಅಂತಿದ್ದೆ."

ಬಾಗಿಲು ನನ್ನ ಮೂಲೆಯ ಪಕ್ಕದಲ್ಲೇ ಇತ್ತು. ಅವರು ನೋಡಿದ್ದು ನನ್ನನ್ನಲ್ಲ. ನನಗೆ ಅಲ್ಲೇ ಭೂಮಿಗಿಳಿದು ಹೋಗಬೇಕು ಎನ್ನಿಸಿತು. ಒಮ್ಮೆಯಾದರೂ ತಾಲೀಮಿನಲ್ಲಿ ಅದನ್ನು ಆಡಿಸಿದ್ದರೆ ಅವರ ಮೌನದ ಅಳತೆ ನನಗೆ ಗೊತ್ತಿರುತ್ತಿತ್ತು. ಪದ್ಧತಿ ಪದ್ಧತಿ ಎಂದು ಕುಣಿದವರಲ್ಲಿ ನಾನೂ ಒಬ್ಬಳು.

"ಹೋಗ್ಲಿ ಬಿಡು, ನಾಳೆ ಇದೆಯಲ್ಲ," ಎಂದರು ಸೆಡ್ರಿಕ್.

ಮಾರನೇ ಬೆಳಿಗ್ಗೆ ಪತ್ರಿಕೆ ಬಂತು. ಇಡೀ ನಾಟಕಕ್ಕೆ ನಾಲ್ಕು ವಾಕ್ಯ, ಕೊನೆಯ ಆ ಹತ್ತು ಕ್ಷಣಗಳಿಗೆ ಎರಡು ಪ್ಯಾರಾ. ಒಬ್ಬ ಮುದುಕ ಸುಮ್ಮನೆ ಕೂತದ್ದೇ ಈ ನಾಟಕದ ಅತ್ಯಂತ ದೊಡ್ಡ ಮಾತು ಎಂದು ಬರೆದಿದ್ದ, ಪುಣ್ಯಾತ್ಮ. ರೂಪರ್ಟ್ ಪತ್ರಿಕೆ ಬೀಸುತ್ತಾ ಬಂದು ಸೆಡ್ರಿಕ್ ಅವರ ಎರಡೂ ಕೆನ್ನೆಗೆ ಮುತ್ತಿಟ್ಟ.

"ನೀವು ಮಹಾನುಭಾವ್ರು. ನಂಗೂ ಹೇಳ್ದೆ ಮಾಡಿದ್ರಲ್ಲ. ಆ ಮಾತು ಇನ್ನು ಬೇಡ್ವೇ ಬೇಡ, ಹೊಡೆದ್ಹಾಕ್ತೀನಿ. ಹಿಲ್ಡಾ, ಹತ್ತು ಎಣಿಸಿ ಪರದೆ, ದಿನಾನೂ. ಪುಸ್ತಕದಲ್ಲಿ ಗುರುತು ಮಾಡ್ಕೊ."

ನಾನು ಬಾಯಿ ತೆರೆದೆ. ತಪ್ಪು ನನ್ನದು ಎಂದು ಹೇಳುವುದು ಸುಲಭವಿತ್ತು. ಆದರೆ ಯಾಕೆ ಒತ್ತಿದೆ ಎಂದು ಅವನು ಕೇಳುತ್ತಾನೆ. ಸೆಡ್ರಿಕ್ ಮರೆಯುತ್ತಾರೆ, ಬುಟ್ಟಿಯ ತುಂಬ ಚೀಟಿ ಇದೆ ಎನ್ನಬೇಕಾಗುತ್ತದೆ, ಪಾತ್ರವೇ ಹೋಗುತ್ತದೆ. ಸೆಡ್ರಿಕ್ ಅವನ ಭುಜದ ಮೇಲಿಂದ ನನ್ನನ್ನು ನೋಡಿ ಬೇಡ ಎಂದು ತಲೆಯಾಡಿಸಿದರು. ನಾನು ಪೆನ್ಸಿಲ್ ತೆಗೆದು ಆ ಮಾತಿನ ಮೇಲೆ ಗೆರೆ ಎಳೆದೆ.

ಮೂರು ವಾರದ ನಾಟಕ ಏಳು ವಾರ ನಡೆಯಿತು. ಪ್ರತಿದಿನ ಅವರು ಟೋಪಿ ಸಿಕ್ಕಿಸಿ ಕೂರುತ್ತಿದ್ದರು, ನಾನು ಹತ್ತು ಎಣಿಸಿ ಗುಂಡಿ ಒತ್ತುತ್ತಿದ್ದೆ. ಒಂಬತ್ತಕ್ಕೆ ಅವರ ಗಲ್ಲ ಚೂರು ಮೇಲೇಳುತ್ತಿತ್ತು, ಮಾತು ಗಂಟಲಿನಲ್ಲಿ ಇರುವವರ ಹಾಗೆ. ಜನ ಅದನ್ನೂ ಮೆಚ್ಚಿದರು. ಲಂಡನ್ನಿನಿಂದ ಅವರ ಏಜೆಂಟ್ ಫೋನ್ ಮಾಡಿದ. ಟಿವಿಯವರು ಒಂದು ದೊಡ್ಡ ಪಾತ್ರ ಕೊಡುತ್ತಾರಂತೆ, ಲಕ್ವ ಹೊಡೆದು ಮಾತು ನಿಂತುಹೋದ ಮುದುಕನದು. ಸೆಡ್ರಿಕ್ ಇದನ್ನು ಹೇಳುತ್ತಾ ಬಹಳ ನಕ್ಕರು. ನನಗೆ ಅಳು ಬಂತು, ಅದನ್ನು ತೋರಿಸಿಕೊಳ್ಳಲಿಲ್ಲ.

ಅವರು ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬರೀ ಮರ್ಯಾದೆ ಕೊಡತೊಡಗಿದರು. ಆಟ ಮುಗಿದ ಕೂಡಲೇ "ಬರ್ತೀನಿ ಹಿಲ್ಡಾ" ಎಂದು ಮಫ್ಲರ್ ಸುತ್ತಿಕೊಂಡು, ತಾವು ಇಳಿದುಕೊಂಡಿದ್ದ ಮಿಸೆಸ್ ಥ್ರೆಲ್‌ಫಾಲ್ ಅವರ ವಸತಿಗೃಹಕ್ಕೆ ಹೊರಟುಬಿಡುತ್ತಿದ್ದರು. ನಾನು ಒಬ್ಬಳೇ ಬೆಂಚಿಗೆ ಹೋಗಿ ಕೂರುತ್ತಿದ್ದೆ, ಪೊಟ್ಟಣ ಅರ್ಧಕ್ಕೆ ಬಿಟ್ಟು ಏಳುತ್ತಿದ್ದೆ. ಒಂದು ಭಾನುವಾರ ಆ ವಸತಿಗೃಹದ ಮುಂದೆ ಹಾದುಹೋದಾಗ ಕಿಟಕಿಯಲ್ಲಿ ಅವರು ಕಂಡರು. ಎಂಟು ಕುರ್ಚಿಯ ಊಟದ ಮೇಜಿನ ತುದಿಯಲ್ಲಿ ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು. ಕೈ ಬೀಸಿದೆ. ಅವರೂ ಬೀಸಿದರು, ಆದರೆ ರಸ್ತೆಯಲ್ಲಿ ಬ್ಯಾಂಕಿನವರು ಎಂದು ಮಾತಾಡಿಸಿದವರಿಗೆ ಬೀಸುವಂತೆ ಬೀಸಿದರು.

ಆ ಏಳು ವಾರದಲ್ಲಿ ಬುಟ್ಟಿಯ ಚೀಟಿಗಳು ಹೆಚ್ಚಾದವು. ಕೊನೆಯ ಮಾತಿಗೆ ಮಾತ್ರ ಅವರು ಚೀಟಿ ಅಂಟಿಸಿಕೊಂಡಿರಲಿಲ್ಲ. ಅದು ಮರೆಯುವ ಮಾತಲ್ಲ ಎಂದು ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಕೊನೆಯ ಶನಿವಾರ ರೂಪರ್ಟ್ ಲಂಡನ್ನಿಗೆ ಹೋಗಿದ್ದ. ಆಟಕ್ಕೆ ಅರ್ಧ ಗಂಟೆ ಇದ್ದಾಗ ನಾನು ಅವರ ಕೋಣೆಯ ಬಾಗಿಲು ತಟ್ಟಿದೆ.

"ಇವತ್ತು ನಾನು ಎಣಿಸಲ್ಲ," ಎಂದೆ. "ಎಷ್ಟು ಹೊತ್ತಾದ್ರೂ ಆಗ್ಲಿ. ನೀವು ಹೇಳಿದ್ಮೇಲೇ ಪರದೆ. ಬೈದ್ರೆ ನಂಗೆ ಬೈತಾರೆ, ಕೆಲಸ ಹೋದ್ರೆ ನಂದು ಹೋಗ್ಲಿ."

ಅವರು ಕನ್ನಡಿಯಿಂದ ತಿರುಗಿದರು. ಅರ್ಧ ಬಣ್ಣ ಹಚ್ಚಿದ ಮುಖ. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. "ಜನದ ಮುಂದೆ," ಎಂದರು ಒಂದೇ ಮಾತು.

ಆವತ್ತು ಆಟ ಚೆನ್ನಾಗಿಯೇ ನಡೆಯಿತು, ಮೂರು ಕಡೆ ನಾನು ಎತ್ತಿಕೊಡಬೇಕಾಯಿತು, ಅಷ್ಟೇ. ಎಲ್ಲರೂ ಹೊರಟರು. ಬಾಗಿಲು ಮುಚ್ಚಿತು. ಟೋಪಿ, ಗೂಟ, ಕುರ್ಚಿ. ನಾನು ಕೈಯನ್ನು ಹಲಗೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

ಹತ್ತು ಆಯಿತು. ಅವರು ಬಾಗಿಲು ನೋಡಿದರು. ಹದಿನೈದು ಆಯಿತು. ತುಟಿ ಅಲುಗಿತು, ನಿಂತಿತು. ಇಪ್ಪತ್ತಕ್ಕೆ ಅವರು ಬಾಗಿಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ನನ್ನನ್ನೇ. ಮರೆತವರ ಕಣ್ಣು ಹೇಗಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಮೊದಲ ದಿನದ ನೋಟಕ್ಕೂ ಇದಕ್ಕೂ ಏನೇನೂ ಹೋಲಿಕೆ ಇರಲಿಲ್ಲ.

"ಎಲ್ಲರೂ ಹೋದರು," ಎಂದು ಎತ್ತಿಕೊಟ್ಟೆ. ಅವರು ಹೌದು ಎನ್ನುವಂತೆ ತಲೆಯಾಡಿಸಿದರು. ಅದು ತಮ್ಮ ಮಾತು ಎಂದು ಅವರಿಗೆ ತಿಳಿಯಲಿಲ್ಲ. ಮತ್ತೊಮ್ಮೆ, ಮೂರನೇ ಸಾಲಿಗೆ ಕೇಳಿಸಿದರೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿ, "ಸರಿ, ನಾನಿದ್ದೇನಲ್ಲ," ಎಂದೆ. ಅವರು ನನ್ನ ಕಡೆ ನೋಡಿ ಮುಗುಳ್ನಕ್ಕರು, ನಾನು ಏನೋ ಸಮಾಧಾನ ಹೇಳಿದ್ದೇನೆ ಎಂದುಕೊಂಡವರಂತೆ.

ನಾನು ಗುಂಡಿ ಒತ್ತಿದೆ.

ಚಪ್ಪಾಳೆ ಪರದೆಯ ಆಚೆ ಮಳೆ ಬಿದ್ದಂತೆ ಬೀಳುತ್ತಿತ್ತು. ನಾನು ಸ್ಟೂಲಿನಿಂದ ಎದ್ದು ವೇದಿಕೆಗೆ ಹೋದೆ. ಅವರು ಕುರ್ಚಿಯಿಂದ ಎದ್ದಿರಲಿಲ್ಲ. ನನ್ನ ತೋಳು ಹಿಡಿದು ಎಳೆದು ಬಗ್ಗಿಸಿ, ಕಿವಿಯ ಹತ್ತಿರ ಕೇಳಿದರು.

"ಹೇಳ್ದೆನಾ, ಹಿಲ್ಡಾ?"

"ಹೇಳಿದ್ರಿ."

"ಜನಕ್ಕೆ ಕೇಳಿಸ್ತಾ?"

"ಬಾಲ್ಕನಿಯ ಹಿಂದಿನ ಬೆಂಚಿನೋರಿಗೂ ಕೇಳಿಸ್ತು," ಎಂದೆ ನಾನು.