ಬಸಿರು ಬಿಟ್ಟುಹೋದ ಬಣ್ಣ

ಒಳನಾಡಿನ ಕುಮಾಸಿಯಿಂದ ಹೊಗೆಮೀನು ಕೊಳ್ಳಲು ಬರುವ ಆ ವ್ಯಾಪಾರಿ ಹೆಂಗಸಿನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬುಟ್ಟಿ ಇಳಿಸಿದವಳೇ ಅರಬಾಳ ಮುಖ ನೋಡಿ ಬಾಯ್ತುಂಬ ನಕ್ಕಳು.

"ಕೆನ್ನೆ ಮೇಲೆ ಬಸಿರಿನ ಬಣ್ಣ ಹಾಗೇ ಇದೆಯಲ್ಲೇ! ಮಗು ಎಲ್ಲಿ? ಬೆನ್ನಿಗೆ ಕಟ್ಕೊಳ್ದೆ ಯಾರ ಹತ್ರ ಬಿಟ್ಟುಬಂದೆ?"

ಅರಬಾ ಒಲೆಯ ಮೇಲಿನ ಮೀನು ತಿರುವಿಹಾಕುತ್ತಲೇ "ಇಲ್ಲ" ಎಂದಳು. ಏನು ಇಲ್ಲ ಎಂಬುದು ಆ ಹೆಂಗಸಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹೊಳೆದ ಮೇಲೆ ಅವಳು ಚೌಕಾಸಿ ಮಾಡದೆ ಮೀನು ಕಟ್ಟಿಸಿಕೊಂಡು ಹೊರಟುಹೋದಳು.

ಆ ತಿಂಗಳು ಹಾಗೆ ಕೇಳಿದವರಲ್ಲಿ ಇವಳು ನಾಲ್ಕನೆಯವಳು. ಬಸಿರಿನ ಐದನೇ ತಿಂಗಳಲ್ಲಿ ಎರಡೂ ಕೆನ್ನೆಗೆ, ಮೇಲ್ದುಟಿಗೆ ಮಸಿ ಒರೆಸಿದಂತೆ ಕಪ್ಪು ಹತ್ತಿದಾಗ ಅತ್ತೆ ಎಸುವೊನ್ ನಕ್ಕಿದ್ದಳು: "ಹೆಣ್ಣೇ ಕಣೇ. ಹೆಣ್ಣಾದ್ರೆ ತಾಯಿಯ ಚೆಲುವನ್ನ ಕದ್ದುಕೊಂಡೇ ಬರೋದು." ಹೆಣ್ಣೇ ಆಯಿತು. ಐದು ದಿನ ಇತ್ತು.

ಎಂಟನೇ ದಿನದ ನಾಮಕರಣಕ್ಕೆ ಮೊದಲೇ ಹೋದದ್ದು ಮಗುವಲ್ಲ, ಬಂದುಹೋದ ಅತಿಥಿ. ಅವರ ಕಡಲೂರು ಎಲ್ಮಿನಾದ ಮುದುಕಿಯರು ಹಾಗೆಯೇ ಹೇಳುತ್ತಾರೆ. ಅತ್ತರೆ ಅದಕ್ಕೆ ರುಚಿ ಹತ್ತುತ್ತದಂತೆ, ಮತ್ತೆ ಮತ್ತೆ ಬಂದು ಹೋಗುತ್ತದಂತೆ. ಅರಬಾಳಿಗೆ ತಲೆಗೆ ನೀರು ಹಾಕಿ, ಬಿಳಿ ಬಟ್ಟೆ ಉಡಿಸಿ, ಶೇಂಗಾ ಸಾರು ಉಣ್ಣಿಸಿದರು. ಅವಳು ಉಂಡಳು. ಅಳಲಿಲ್ಲ. ಎರಡು ವಾರದಲ್ಲಿ ಎದೆಹಾಲು ಬತ್ತಿತು, ಹೊಟ್ಟೆಯೂ ಇಳಿಯಿತು. ಮುಖದ ಕಪ್ಪು ಮಾತ್ರ ಹತ್ತು ತಿಂಗಳಾದರೂ ಹೋಗಲಿಲ್ಲ.

ಆ ವ್ಯಾಪಾರಿ ಹೆಂಗಸು ಬಂದುಹೋದ ಸಂಜೆಯೇ ಅರಬಾ ಬಾಬಾಳ ಜಡೆ ಹೆಣೆಯುವ ಗೂಡಂಗಡಿಗೆ ಹೋದಳು. ಬಾಬಾ ಬಾಲ್ಯದ ಗೆಳತಿ, ಬಾಯಿ ಜೋರು.

"ತಕೊರಾಡಿಯ ಚರ್ಮದ ಡಾಕ್ಟ್ರ ಹತ್ರ ಹೋದ್ರೆ ನಿನ್ನ ಗಂಡನ ದೋಣಿ ಮಾರ್ಬೇಕಾಗುತ್ತೆ. ಇದನ್ನ ತಗೋ, ಮನೇಲೇ ಮಾಡ್ಕೋಬಹುದು." ಹೆಬ್ಬೆರಳುದ್ದದ ಒಂದು ಸೀಸೆ ಎದುರಿಗಿಟ್ಟಳು. "ಆಸಿಡ್ಡು. ಹೆದರ್ಬೇಡ, ಮೆತ್ತಗಿನದು. ಎರಡು ನಿಮಿಷ ಅಷ್ಟೆ, ಆಮೇಲೆ ತಣ್ಣೀರಲ್ಲಿ ತೊಳಿ. ಸಿಪ್ಪೆ ಸುಲಿದ ಹಾಗೆ ಸುಲೀತದೆ. ಕೈಯಲ್ಲಿ ಕೀಳಬೇಡ. ಎರಡು ವಾರ ಒಲೆ ಹತ್ರ ಹೋಗ್ಬೇಡ, ಬಿಸಿಲಿಗೂ ಹೋಗ್ಬೇಡ."

"ಒಲೆ ಬಿಟ್ಟು ನಾನು ಏನು ತಿನ್ನಲಿ?"

"ನಿನ್ನತ್ತೆ ಇದಾಳಲ್ಲ. ಅವಳ ಮುಖ ಇನ್ನೇನು ಕೆಡುತ್ತೆ?"

ಅರಬಾ ನಕ್ಕಳು. ನಕ್ಕು ತಿಂಗಳುಗಳೇ ಆಗಿದ್ದವು.

ಮಂಗಳವಾರ ಕಡಲಿಗೆ ಬಿಡುವಿನ ದಿನ, ಯಾರೂ ದೋಣಿ ಇಳಿಸುವುದಿಲ್ಲ. ಗಂಡ ಎಕೋ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ. ಅವಳು ಅವನ ಕೈಗೆ ಫೋನು ಕೊಟ್ಟು, "ಎರಡು ನಿಮಿಷ ಆದ್ ಕೂಡ್ಲೆ ಹೇಳು" ಎಂದಳು.

"ಏನದು?"

"ಮುಖಕ್ಕೆ. ಈ ಕಪ್ಪು ಹೋಗೋಕೆ."

ಎಕೋ ಬಲೆ ಬದಿಗಿಟ್ಟು ಅವಳ ಕೆನ್ನೆಯನ್ನೊಮ್ಮೆ ನೋಡಿದ. ಫೋನು ನೋಡುತ್ತ ಕೂತ. ಅವಳು ಹತ್ತಿಯಿಂದ ಹಚ್ಚಿಕೊಂಡಳು. ಮೊದಲು ತಂಪು, ಆಮೇಲೆ ಇರುವೆ ಹರಿದಂತೆ ಚುಳುಚುಳು, ಆಮೇಲೆ ಉರಿ. ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಅವನ ದನಿ ಬಂದಾಗ ಅದು ಬಹಳ ಸಣ್ಣಗಿತ್ತು: "ಆಯ್ತು."

ಮೂರು ದಿನ ಮುಖ ಒಣಗಿದ ತೊಗಲಿನಂತೆ ಬಿಗಿದುಕೊಂಡಿತು. ನಾಲ್ಕನೇ ದಿನ ಬಾಯಿಯ ಅಂಚಿನಿಂದ ಬಿರಿದು, ಕಂದು ಹೊಟ್ಟಿನಂತೆ ಉದುರತೊಡಗಿತು. ಒಳಗೇ ಕೂತು ಹೊತ್ತು ಕಳೆದಳು. ಹೊರಗೆ ಒಲೆಯ ಮುಂದೆ ಎಸುವೊನ್ ಕೆಮ್ಮುತ್ತ ಗೊಣಗುವುದು ಕೇಳುತ್ತಿತ್ತು: "ಮಹಾರಾಣಿಗೆ ಬಣ್ಣ ಬರ್ತಾ ಇದೆ, ನನಗೆ ಹೊಗೆ!"

ಮುಂದಿನ ಮಂಗಳವಾರದ ಹೊತ್ತಿಗೆ ಎಲ್ಲ ಉದುರಿತ್ತು. ಕನ್ನಡಿಯಲ್ಲಿ ಕಂಡದ್ದು ಮದುವೆಗೆ ಮುಂಚಿನ ಹುಡುಗಿಯ ಮುಖ. ಎಲ್ಲೂ ಏನೂ ಆಗದಿದ್ದವಳ ಮುಖ. ಅರಬಾ ಅದನ್ನು ಎಕೋಗೆ ತೋರಿಸಿದಳು.

"ಹೇಗಿದೆ? ಹೇಳೋ."

ಎಕೋ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ. ಬಲಗೆನ್ನೆ ನೋಡಿದ, ಎಡಗೆನ್ನೆ ನೋಡಿದ, ಏನನ್ನೋ ಹುಡುಕುವವನಂತೆ. ಆಮೇಲೆ ಅಲ್ಲೇ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಅವಳದ್ದು ಅಂತ ಉಳಿದಿದ್ದು ಅದೊಂದೇ ಕಣೇ," ಎಂದ. "ಒಂದು ಫೋಟೋನೂ ಇಲ್ಲ. ಕಡಲಿಗೆ ಹೋಗೋ ಮುಂಚೆ ನೀನು ಮಲಗಿರೋವಾಗ ದಿನಾ ನೋಡ್ತಿದ್ದೆ. ಬಂದಿದ್ದಳು ಅಂತ ಅಷ್ಟಾದ್ರೂ ಗುರುತಿತ್ತು."

ಅರಬಾ ಅವನೆದುರು ಕೂತಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಅಳಬಾರದು ಅಂದಿದ್ರಲ್ಲ. ಬಾಯಿ ತೆಗೆದ್ರೆ ಅತ್ತುಬಿಡ್ತೀನಿ ಅಂತ ಸುಮ್ನಿದ್ದೆ."

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಮುದುಕಿಯರು ಮಗುವನ್ನು ಮಡಕೆಯಲ್ಲಿಟ್ಟು ಹೂಳಲು ಒಯ್ದ ದಿನ ಅವನು ದೂರದಿಂದ ಹಿಂಬಾಲಿಸಿದ್ದ. ಜಾಗ ಅವನಿಗೆ ಗೊತ್ತಿತ್ತು.

"ನಡಿ," ಎಂದು ಅರಬಾ ಎದ್ದಳು. ನಡುಹಗಲು. ಬಾಬಾ ಹೇಳಿದ್ದು ನೆನಪಿತ್ತು, ಆದರೂ ತಲೆಯ ಮೇಲೆ ಬಟ್ಟೆ ಎಳೆದುಕೊಳ್ಳಲಿಲ್ಲ.

ಹಿನ್ನೀರಿನ ಆಚೆ, ಉಪ್ಪಿನ ಗದ್ದೆಗಳ ಅಂಚಿನಲ್ಲಿ ಒಂದು ಬೇವಿನ ಮರ, ಅದರಿಂದ ಹನ್ನೆರಡು ಹೆಜ್ಜೆ, ಎಂದಿದ್ದ ಎಕೋ. ಹೋಗಿ ನೋಡಿದರೆ ಬೇವಿನ ಮರವಿರಲಿಲ್ಲ. ಆ ಬೇಸಿಗೆಯಲ್ಲಿ ಯಾರೋ ನೆಲ ಸಮ ಮಾಡಿ ಹೊಸ ಗದ್ದೆ ತೆಗೆದಿದ್ದರು. ಮಟ್ಟಸವಾದ ಬಿಳುಪು, ಕಣ್ಣು ಕುಕ್ಕುವಷ್ಟು. ಎಕೋ ಒಮ್ಮೆ ಅಲ್ಲಿಂದ ಎಣಿಸಿದ, ಒಮ್ಮೆ ಇಲ್ಲಿಂದ ಎಣಿಸಿದ. "ಇಲ್ಲೇ... ಇಲ್ಲೇ ಎಲ್ಲೋ," ಎಂದು ನಿಂತುಬಿಟ್ಟ.

ಉಪ್ಪು ಎಳೆಯುತ್ತಿದ್ದ ಒಬ್ಬ ಮುದುಕಿ ಕೂಗಿದಳು: "ಏನಪ್ಪಾ, ಏನು ಕಳ್ಕೊಂಡ್ರಿ?"

ಅರಬಾ ಹೇಳಿದಳು, "ನಮ್ಮ ಮಗಳನ್ನ ಇಲ್ಲಿಟ್ಟಿದ್ರು. ಐದು ದಿನದವಳು."

ಮುದುಕಿ ಎಳೆಗೋಲು ಬಿಟ್ಟು, ಬದುವಿನ ಮೇಲೆ ನಿಧಾನವಾಗಿ ನಡೆದು ಬಂದಳು. ಅತಿಥಿ ಎನ್ನಲಿಲ್ಲ, ಅಳಬೇಡ ಎನ್ನಲಿಲ್ಲ. "ಯಾವ ವಾರ ಹುಟ್ಟಿದ್ಳು?" ಎಂದು ಕೇಳಿದಳು.

"ಶನಿವಾರ. ಹೆಸರಿಡಲಿಲ್ಲ."

"ಇಡೋದೇನು ಬಂತು? ಹೆಸರು ಹುಟ್ಟಿದ ವಾರದ ಜೊತೇಲೇ ಬರುತ್ತೆ. ಶನಿವಾರದ ಹೆಣ್ಣು ಅಂದ್ಮೇಲೆ ಆಮಾ. ಹುಟ್ಟಿದ ಗಳಿಗೆಗೇ ಆಮಾ. ಅದಕ್ಕೆ ಯಾರ ಎಂಟನೇ ದಿನಾನೂ ಬೇಕಾಗಿಲ್ಲ."

ಅರಬಾ ಆ ಹೆಸರನ್ನು ಒಂದು ಸಲ ಮೆಲ್ಲಗೆ ಅಂದಳು. ಇನ್ನೊಂದು ಸಲ ಜೋರಾಗಿ ಅಂದಳು. ಮೂರನೆಯ ಸಲಕ್ಕೆ ದನಿ ಒಡೆಯಿತು. ಹತ್ತು ತಿಂಗಳ ಅಳು ಒಟ್ಟಿಗೇ ಬಂತು. ಎಳೆಚರ್ಮದ ಮೇಲೆ ಕಣ್ಣೀರು ಬೆಂಕಿಯಂತೆ ಉರಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಎಕೋ ಮಂಡಿಯೂರಿ, ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ಮುದುಕಿ ತನ್ನ ಹೊದಿಕೆ ಬಿಚ್ಚಿ, ಬಿಸಿಲಿಗೆ ಅಡ್ಡವಾಗಿ ಇಬ್ಬರ ತಲೆಯ ಮೇಲೂ ಹಿಡಿದು ನಿಂತಳು.