ಹಸನ್ ಸಾಬನ ಅಕ್ಷರ

“ಕತ್ತಿಗೇನ್ ಗೊತ್ತು ಕಸ್ತೂರಿ ವಾಸನಿ? ಏಳನೇತ್ತಿಗೇ ಸಾಲಿ ಬಿಟ್ಟವನ್ನ ಕಂಪ್ಯೂಟರ್ ಮುಂದ ಕುಂದ್ರಿಸಿದ್ದು ನಂದ ತಪ್ಪು, ಅಕ್ಕಾರ. ಬಣ್ಣದ ಡಬ್ಬಿ ತೊಳಕೊಂಡು ಇರಬೇಕಾದವನು ಇವನು.”

ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದಿದ್ದ ತನ್ನ ಪ್ರೆಸ್ಸಿನಲ್ಲಿ ನಿಂತು ಓಬಳೇಶಪ್ಪ ಹೀಗೆಂದ. ಕಿರಿಮಗಳ ಮದುವೆ ಪತ್ರಿಕೆ ಮಾಡಿಸಲು ಹಲವಾಗಲಿನಿಂದ ಬಂದಿದ್ದ ನಾಗಲಿಂಗಮ್ಮ, ಅವಳ ಜೊತೆಗಿದ್ದ ಬೀಗರ ಕಡೆಯ ಗಂಡಸರು, ಎಲ್ಲರೂ ಕಂಪ್ಯೂಟರಿನ ಮುಂದೆ ಕೂತಿದ್ದ ಅಸದುಲ್ಲಾನ ಕಡೆ ತಿರುಗಿದರು. ಒಬ್ಬ ನಕ್ಕೂ ನಕ್ಕ. ಅಸದುಲ್ಲಾ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. ಬೆಳಗಿನಿಂದ ಅದು ಒಂದೇ ಮಾತು ತೋರಿಸುತ್ತಿತ್ತು: ಲಾಕ್ ಸಿಗುತ್ತಿಲ್ಲ.

ಲಾಕ್ ಎಂದರೆ ಬೆಂಕಿಪೊಟ್ಟಣದ ಗಾತ್ರದ ಪ್ಲಾಸ್ಟಿಕ್ ತುಂಡು. ಕಂಪ್ಯೂಟರಿನ ಬೆನ್ನಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ‘ಲಿಪಿಬಳ್ಳಿ’ ತೆರೆಯುತ್ತಿತ್ತು. ಧಾರವಾಡದ ಇಬ್ಬರು ಗೆಳೆಯರು ಮಾಡಿದ ಸಾಫ್ಟ್‌ವೇರ್ ಅದು. ಮನಸ್ಸಿಗೆ ಬಂದ ಹಾಗೆ ಅಕ್ಷರ ಬರೆದು, ಸುತ್ತ ಹೂಬಳ್ಳಿ ಹಬ್ಬಿಸಬಹುದಿತ್ತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಯಾವ ಊರಿನ ಪ್ರೆಸ್ಸಿಗೆ ಹೋದರೂ ಅದೇ.

ಅಸದುಲ್ಲಾ ಅದರೊಳಗೆ ತನ್ನ ಅಪ್ಪನನ್ನು ಇಟ್ಟಿದ್ದ. ಬೋರ್ಡು ಬರೆಯುತ್ತಿದ್ದ ಹಸನ್ ಸಾಬ್ ತೀರಿಕೊಂಡ ಮೇಲೆ ಅಂಗಡಿ ಅಂಗಡಿಯ ಮುಂದೆ ಏಣಿ ಹಾಕಿ, ಅಪ್ಪ ಬರೆದ ಬೋರ್ಡುಗಳ ಮೇಲೆ ತೆಳುಗಾಗದ ಹಿಡಿದು, ಒಂದೊಂದೇ ಅಕ್ಷರ ಎತ್ತಿ ತಂದು ಲಿಪಿಬಳ್ಳಿಗೆ ಇಳಿಸಿದ್ದ. ಈಗ ಆ ಬೋರ್ಡುಗಳಿಲ್ಲ. ಸಿಮೆಂಟಿನವರು, ಮೊಬೈಲಿನವರು ಪುಕ್ಕಟೆ ಕೊಟ್ಟ ಫ್ಲೆಕ್ಸುಗಳು ಅಲ್ಲಿ ಕೂತಿವೆ. ಆ ಕಾಗದಗಳೂ ಇಲ್ಲ. “ಕಂಪ್ಯೂಟರಿನ್ಯಾಗ ಅದಾವಲ್ಲ” ಎಂದು ಅವ್ವ ಬಾನು ಬೀ ಬಚ್ಚಲ ಒಲೆಗೆ ಹಾಕಿದ್ದಳು.

ಹಡಗಲಿಯವರು ಹೆಚ್ಚಿನ ಪಗಾರಕ್ಕೆ ಕರೆದಾಗ ಅವನು ಹೋಗದೆ ಉಳಿದದ್ದು ಇದಕ್ಕೇ. ಆ ಅಕ್ಷರಗಳು ಓಬಳೇಶಪ್ಪನ ಲಾಕಿಗೆ ಕಟ್ಟುಬಿದ್ದಿದ್ದವು; ಫ್ಲಾಪಿಗೆ ಹಾಕಿ ಒಯ್ದರೂ ಬೇರೆ ಲಾಕಿಗೆ ಬಾಯಿ ಬಿಡುತ್ತಿರಲಿಲ್ಲ.

ದಸರೆಗೆ ಸ್ವಲ್ಪ ಮುಂಚೆ ಹರಪನಹಳ್ಳಿಯ ಪ್ರೆಸ್ಸಿನ ಪ್ರವೀಣಕುಮಾರ್ ಫೋನು ಮಾಡಿದ್ದ.

“ಧಾರವಾಡದವರು ಲಿಪಿಬಳ್ಳಿ ಮಾರಿಬಿಟ್ರಂತಲೇ ಅಸದು. ಮುಂಬೈದ ದೊಡ್ಡ ಕಂಪನಿ ತಗಂಡೈತಂತ.”

“ನಮ್ ಅಕ್ಷರದ ಕತಿ?”

“ಅಕ್ಷರ ನಿಮ್ಮವ, ಬಾಗ್ಲ ಅವರ್ದು. ತಿಳ್ಕ.”

ಅಲ್ಲಿಂದ ಊರೂರಿನ ಪ್ರೆಸ್ಸಿನವರು ಒಬ್ಬರಿಗೊಬ್ಬರು ಫೋನು ಹಚ್ಚಿದ್ದೇ ಹಚ್ಚಿದ್ದು. ಹಳೇ ಲಾಕು ನಡೆಯುತ್ತವಂತೆ ಎಂದು ಹಡಗಲಿಯವರು. ಹೊಸದರಲ್ಲಿ ಹಳೇ ಫೈಲು ತೆರೆಯುವುದಿಲ್ಲವಂತೆ ಎಂದು ಕೂಡ್ಲಿಗಿಯವರು. ಧಾರವಾಡದ ಫೋನು ಸುಮ್ಮನೆ ಬಡಕೊಳ್ಳುತ್ತಿತ್ತು. ಅಕ್ಷರಗಳನ್ನೆಲ್ಲ ಕಾಗದದ ಮೇಲೆ ಅಚ್ಚು ತೆಗೆದಿಟ್ಟುಕೊಳ್ಳುತ್ತೇನೆ ಎಂದು ಅಸದುಲ್ಲಾ ಕೇಳಿದ.

“ಟೋನರ್ ನಿಮ್ಮಪ್ಪ ಬಂದು ಹಾಕಿಸ್ತಾನೇನು? ನನ್ ಕರೆಂಟಿನ್ಯಾಗ ಮಾಡಿದ್ದು, ಪ್ರೆಸ್ಸಿಂದು. ಹೊರಗ ಹೋಗಂಗಿಲ್ಲ” ಎಂದಿದ್ದ ಓಬಳೇಶಪ್ಪ.

ಹೆದರಿಕೆ ಅವನಿಗೂ ಇತ್ತು. ಅದಕ್ಕೇ ಈ ಸಲದ ಆಯುಧಪೂಜೆಯಲ್ಲಿ ಮಷೀನುಗಳಿಗಿಂತ ಲಾಕಿಗೇ ಭಕ್ತಿ ಹೆಚ್ಚಾಯಿತು. ಅದನ್ನು ಕಿತ್ತು, ತಟ್ಟೆಯಲ್ಲಿಟ್ಟು, ಹಾಲೆರೆದು, ನೀರೆರೆದು, ವಿಭೂತಿ ಬಳಿದು, ಕಂಪ್ಯೂಟರಿಗೆ ಸಿಕ್ಕಿಸುವ ಮೂತಿಗೆ ಕುಂಕುಮ ಇಟ್ಟ. ಅಸದುಲ್ಲಾ ಬಾಗಿಲಲ್ಲಿ ನಿಂತು ನೋಡಿದ. ‘ನೀರು ಬ್ಯಾಡ್ರಿ’ ಎಂಬುದು ಗಂಟಲವರೆಗೆ ಬಂದಿತ್ತು. ಅಂದಿದ್ದರೆ, ಸಾಬರ ಹುಡುಗ ಪೂಜೆ ಬೇಡವೆಂದ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾಗುತ್ತಿತ್ತು. ನುಂಗಿಕೊಂಡ. ಹಬ್ಬ ಮುಗಿಸಿ ಈ ಹೊತ್ತು ಸಿಕ್ಕಿಸಿದರೆ ಲಾಕು ಸತ್ತಿತ್ತು. ಧಾರವಾಡದ ಗೆಳೆಯರಾಗಿದ್ದರೆ ಬೇರೆ ಲಾಕನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ಮುಂಬೈಗೆ ಫೋನು ಹಚ್ಚಿದಾಗ ಒಬ್ಬ ಹೆಣ್ಣುಮಗಳು ನಯವಾಗಿಯೇ ಹೇಳಿದಳು: ಹಳೆಯ ಲಾಕಿಗೆ ಬದಲಿ ಇಲ್ಲ, ಲಿಪಿಬಳ್ಳಿ ಇನ್ನು ಇಲ್ಲ, ಹೊಸದು ಕೊಳ್ಳಿ, ಹಳೆಯ ಅಕ್ಷರ ಅದರಲ್ಲಿ ಬರುವುದಿಲ್ಲ.

ನಾಗಲಿಂಗಮ್ಮ ಚೀಲದಿಂದ ಹಿರಿಮಗಳ ಮದುವೆಯ ಪತ್ರಿಕೆ ತೆಗೆದಳು. ಮಡಿಕೆಯಲ್ಲಿ ಅರಿಷಿಣ ಇನ್ನೂ ಇತ್ತು. “ನಮಗ ಇದ ಅಕ್ಷರ ಬೇಕು ನೋಡ್ ತಮ್ಮಾ. ಶೈಲಾ ಅಂತ ಇರೋ ಕಡಿ ಅಮೃತಾ ಅಂತ ಮಾಡು, ಸಾಕು.”

ಅಸದುಲ್ಲಾ ಪತ್ರಿಕೆಯ ಮೇಲೆ ಬೆರಳಾಡಿಸಿದ. ಅಪ್ಪನ ‘ಶ’, ಬಾಲ ಸ್ವಲ್ಪ ಎಳೆದ ಅಪ್ಪನ ‘ಲ’. ‘ಮೃ’ ಅದರಲ್ಲಿ ಎಲ್ಲೂ ಇರಲಿಲ್ಲ. ಅಪ್ಪ ಅದನ್ನು ಹೇಗೆ ತಿರುವುತ್ತಿದ್ದ ಎಂದು ನೆನೆದ. ಕೈಗೆ ಬರಲಿಲ್ಲ.

“ಅಲ್ರಿ, ಲಾಕು ಕೆಟ್ಟಿದ್ದಾದ್ರೂ ಹೆಂಗ?” ಬೀಗರವನು ಕೇಳಿದ.

“ಯಾರ ಕೈಯಾಗ ಇತ್ತೋ ಅವರ್ನ ಕೇಳ್ರಿ” ಎಂದ ಓಬಳೇಶಪ್ಪ. “ಹೇಳಲೇ, ಏನ್ ಮಾಡಿದಿ ಅದಕ್ಕ?”

ಲಾಕಿನ ಸಂದಿಯಲ್ಲಿ ಕುಂಕುಮ ಕೆಸರಾಗಿ ಒಣಗಿತ್ತು. ಎತ್ತಿ ತೋರಿಸಿದರೆ ಆಯಿತು. ತೋರಿಸಿದರೆ ಪೂಜೆಗೆ ಬೆರಳು ಮಾಡಿದ ಹಾಗೂ ಆಯಿತು. ಅಸದುಲ್ಲಾನಿಗೆ ಆ ಲಾಕನ್ನು ಎತ್ತಿ ಓಬಳೇಶಪ್ಪನ ಮುಖಕ್ಕೆ ಬೀಸಬೇಕೆನಿಸಿ ಕೈ ಮುಷ್ಟಿ ಕಟ್ಟಿತು. ಆಮೇಲೆ ಮುಷ್ಟಿ ಬಿಡಿಸಿ, ಪತ್ರಿಕೆಯನ್ನು ಇದ್ದ ಮಡಿಕೆಯಲ್ಲೇ ಮಡಿಚಿ ನಾಗಲಿಂಗಮ್ಮನ ಕೈಗಿಟ್ಟ. ಎದ್ದು ಚಪ್ಪಲಿ ಮೆಟ್ಟಿದ.

“ಎಲ್ಲಿಗಿ ಹೊಂಟಿ?” ಓಬಳೇಶಪ್ಪನ ದನಿಯಲ್ಲಿ ನಗು ಇತ್ತು. “ಹೋಗು ಹೋಗು. ಸಂಜಿಗಿ ಬರ್ತಾನ ನೋಡ್ರಿ ಅಕ್ಕಾರ. ಇವರಪ್ಪ ಇಲ್ಲೇ ನನ್ ಕಂಪ್ಯೂಟರ್ ಡಬ್ಬಿಯಾಗ ಅದಾನ, ಇವ ಎಲ್ಲಿಗಿ ಹೋಗ್ತಾನ?”

ಮೆಟ್ಟಿಲ ಮೇಲೆ ಅಸದುಲ್ಲಾನ ಕಾಲು ಒಂದು ಗಳಿಗೆ ತಡೆಯಿತು.

“ಕೇಳಿಸ್ತಿಲ್ಲಲೇ? ಎಲ್ಲಿಗಿ ಹೋಗ್ತಿ?”

ಅವನು ಬಿಸಿಲಿಗೆ ಇಳಿದು, ಫ್ಲೆಕ್ಸುಗಳ ಕೆಳಗೆ ತಲೆ ಎತ್ತದೆ ನಡೆದ.